ರಾತ್ರಿಯಿಡೀ ಠಾಣೆಯಲ್ಲಿ ಕೂರಿಸಿ ‘ಸುಮ್ನೆ ಎನ್‌ಕ್ವೈರಿ’ ಅಂದರೆ ಅದು ಅರೆಸ್ಟ್ ಅಲ್ಲವೇ?

ನೀವು ಬರೆದಿರೋದು ಇಷ್ಟು: ರಾತ್ರಿ ಒಂಬತ್ತರ ಹೊತ್ತಿಗೆ ಮಫ್ತಿಯಲ್ಲಿದ್ದ ಇಬ್ಬರು ಬಂದು, ಮೊಬೈಲ್ ಕಳ್ಳತನದ ವಿಷಯಕ್ಕೆ ‘ಸುಮ್ನೆ ಎನ್‌ಕ್ವೈರಿ’ ಅಂತ ನಿಮ್ಮ ತಮ್ಮನನ್ನು ಬೈಕಲ್ಲಿ ಕೂರಿಸಿಕೊಂಡು ಹೋದರು, ಮರುದಿನ ಸಂಜೆ ಬಿಟ್ಟರು. ಒಂದು ಚೀಟಿಯೂ ಕೊಡಲಿಲ್ಲ. ಈಗ ಸೋಮವಾರ ಮತ್ತೆ ಬಾ ಅಂತ ವಾಟ್ಸಾಪ್ ಬಂದಿದೆ. ಅರೆಸ್ಟೇ ಮಾಡದ ಮೇಲೆ ಹಕ್ಕಿನ ಮಾತು ಎಲ್ಲಿಂದ ಬಂತು ಅನ್ನೋದು ನಿಮ್ಮ ಪ್ರಶ್ನೆ.

ನಾನು ಬೆಂಗಳೂರಿನ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ವಕೀಲಿ ಮಾಡುವವನು. ‘ನಾನಿನ್ನು ಹೊರಡ್ತೀನಿ ಸರ್’ ಅಂದಾಗ ಹೋಗೋಕೆ ಬಿಡಲಿಲ್ಲ ಅಂದರೆ ಅದು ಬಂಧನ. ಠಾಣೆಯ ಪುಸ್ತಕದಲ್ಲಿ ಬರೆದಿರಲಿ, ಬಿಡಲಿ. 1990ರಲ್ಲೇ ಬಾಂಬೆ ಹೈಕೋರ್ಟ್ ಇದನ್ನು ಹೇಳಿತ್ತು: ಅಧಿಕಾರಿ ದಾಖಲೆಯಲ್ಲಿ ಬರೆದ ಹೊತ್ತು ಲೆಕ್ಕಕ್ಕಿಲ್ಲ, ಮನುಷ್ಯನನ್ನು ತಡೆದು ನಿಲ್ಲಿಸಿದ ಹೊತ್ತೇ ಬಂಧನದ ಹೊತ್ತು. ಸಂವಿಧಾನದ 22ನೇ ವಿಧಿ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 58ನೇ ಕಲಂ ಹೇಳುವ 24 ಗಂಟೆ ಓಡಲು ಶುರುವಾಗೋದೂ ಆಗಲೇ. ಅಷ್ಟರೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಭಾನುವಾರ ಕೋರ್ಟು ರಜೆ ಅನ್ನೋದು ಸಬೂಬಲ್ಲ, ನ್ಯಾಯಾಧೀಶರ ಮನೆಗೇ ಕರೆದುಕೊಂಡು ಹೋಗ್ತಾರೆ. ಪ್ರಯಾಣದ ಸಮಯವನ್ನು ಮಾತ್ರ ಕಾನೂನು ಕಳೆಯುತ್ತೆ. (ಸಿಲ್ಕ್ ಬೋರ್ಡ್ ಟ್ರಾಫಿಕ್ ನೋಡಿದವರು ಆ ವಿನಾಯಿತಿಗೆ ನಗಬಹುದು. ಆದರೆ ಅದಕ್ಕೂ ಒಂದು ರಾತ್ರಿ ಹಿಡಿಯಲ್ಲ.)

ಹಾಗಾಗಿ ನಿಮ್ಮಂಥವರು ಫೋನ್ ಮಾಡಿದಾಗ ನಾನು ಮೊದಲು ಕೇಳೋದು ಕೇಸ್ ಏನು ಅಂತಲ್ಲ, ‘ಎಷ್ಟು ಗಂಟೆಗೆ ಕರ್ಕೊಂಡು ಹೋದ್ರು?’ ಅಂತ.

ಒಂದು ಶನಿವಾರ ರಾತ್ರಿ ಇಪ್ಪತ್ತೆರಡರ ಹುಡುಗನೊಬ್ಬನನ್ನು ಹೀಗೇ ಕರೆದೊಯ್ದಿದ್ದರು. ಭಾನುವಾರ ಮಧ್ಯಾಹ್ನ ಅವನ ತಾಯಿಯ ಮುಂದೆ ಬಂಧನದ ಮೆಮೊ, ಅಂದರೆ ಬಂಧನದ ವಿವರ ಬರೆಯುವ ಕಾಗದ, ಇಟ್ಟರು. ಹೆಸರು, ವಿಳಾಸ, ಕಲಂ ಎಲ್ಲ ತುಂಬಿತ್ತು, ಸಮಯದ ಜಾಗ ಮಾತ್ರ ಖಾಲಿ. ‘ಸಾಹೇಬ್ರು ಬರ್ಲಿ ಅಮ್ಮಾ, ಟೈಮ್ ಆಮೇಲೆ ಹಾಕ್ಕೋತೀವಿ’ ಅಂದರಂತೆ ಠಾಣೆಯ ಕಾಗದಪತ್ರ ಬರೆಯುವ ರೈಟರ್. ಆಕೆ ಸಹಿ ಹಾಕಿದರು. ಸೋಮವಾರ ಬೆಳಿಗ್ಗೆ ಕೋರ್ಟಿಗೆ ಬಂದ ಕಾಗದದಲ್ಲಿ ಆ ಜಾಗದಲ್ಲಿ ‘ಭಾನುವಾರ ಸಂಜೆ 4’ ಅಂತ ಕೂತಿತ್ತು. ಹತ್ತೊಂಬತ್ತು ಗಂಟೆ, ಎಲ್ಲ ಕ್ರಮಬದ್ಧ! ನಮ್ಮನ್ನು ಕಾಪಾಡಿದ್ದು ಎರಡು ಟೀ. ಶನಿವಾರ ರಾತ್ರಿ 8.47ಕ್ಕೆ ಠಾಣೆಯ ಎದುರಿನ ಅಂಗಡಿಯಲ್ಲಿ ಹುಡುಗ ಫೋನಿನಿಂದ ಇಪ್ಪತ್ತನಾಲ್ಕು ರೂಪಾಯಿ ಕಳಿಸಿದ್ದ, ಒಂದು ಟೀ ಅವನಿಗೆ, ಇನ್ನೊಂದು ಜೊತೆಗಿದ್ದ ಕಾನ್‌ಸ್ಟೇಬಲ್‌ಗೆ. ಆಮೇಲೆ ಫೋನ್ ಸ್ವಿಚ್ ಆಫ್. ಆ ಪಾವತಿ ಇರುವ ಬ್ಯಾಂಕ್ ಸ್ಟೇಟ್‌ಮೆಂಟ್‌ನ ಪ್ರಿಂಟ್ ಕೊಟ್ಟಾಗ ನ್ಯಾಯಾಧೀಶರು ಅದನ್ನೂ ಮೆಮೊವನ್ನೂ ಅಕ್ಕಪಕ್ಕ ಇಟ್ಟುಕೊಂಡು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ತನಿಖಾಧಿಕಾರಿ ಟೋಪಿ ಸರಿಮಾಡಿಕೊಳ್ತಾ ನಿಂತಿದ್ದರು. ಜಾಮೀನು ಅವತ್ತೇ ಆಯ್ತು.

ಖಾಲಿ ಜಾಗವಿರುವ ಕಾಗದಕ್ಕೆ ಸಹಿ ಬೇಡ ಅಂತ ನಾನು ಅಷ್ಟು ಸಲ ಹೇಳೋದು ಇದಕ್ಕೇ. ಸಮಯವನ್ನು ಅವರು ಬರೆಯದಿದ್ದರೆ ನಿಮ್ಮ ಸಹಿಯ ಪಕ್ಕದಲ್ಲಿ ನೀವೇ ಬರೆಯಿರಿ. ಕರೆದುಕೊಂಡು ಹೋದ ತಕ್ಷಣ ವಕೀಲರಿಗೋ ಅಣ್ಣನಿಗೋ ಒಂದು ಮೆಸೇಜ್ ಹಾಕಿ, ಅಥವಾ 112ಕ್ಕೆ ಕರೆ ಮಾಡಿ. ಕರೆ ಮಾಡಿದ ಹೊತ್ತಾದರೂ ದಾಖಲಾಗಿ ಉಳಿಯುತ್ತೆ.

ಇನ್ನು ಪೊಲೀಸರ ಅಧಿಕಾರ. ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರ ಅವರಿಗಿದೆ, ಅದರಲ್ಲಿ ಅನುಮಾನ ಬೇಡ. ಆದರೆ ಅಧಿಕಾರ ಇದೆ ಅನ್ನೋದು ಬೇರೆ, ಈ ಮನುಷ್ಯನನ್ನು ಬಂಧಿಸಲೇಬೇಕಿತ್ತು ಅನ್ನೋದು ಬೇರೆ. ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ, ಬಂಧಿಸಿದರೆ ಕಾರಣ ಬರೆಯಿರಿ ಅಂತ ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲೇ ಹೇಳಿದೆ. ಮೊಬೈಲ್ ಕಳ್ಳತನ ಸಾಮಾನ್ಯವಾಗಿ ಮೂರು ವರ್ಷದೊಳಗಿನದ್ದು. ಅಂಥ ಕಡೆ ಅದೇ ಸುರಕ್ಷಾ ಸಂಹಿತೆಯ 35(3)ನೇ ಕಲಂನ ನೋಟಿಸ್ ಕೊಟ್ಟು ಕರೆಸಿಕೊಳ್ಳಬೇಕು. ನೋಟಿಸ್‌ಗೆ ಸರಿಯಾಗಿ ಹಾಜರಾಗುತ್ತಿರುವವನನ್ನು, ಬರೆದ ಕಾರಣ ಇಲ್ಲದೆ, ಬಂಧಿಸುವಂತಿಲ್ಲ.

ನಿಮಗೆ ಬಂದ ವಾಟ್ಸಾಪ್ ಆ ನೋಟಿಸ್ ಆಗಲ್ಲ. ವಾಟ್ಸಾಪಿನಲ್ಲಿ ಈ ನೋಟಿಸ್ ಕಳಿಸಬೇಡಿ ಅಂತ 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್‌ನಲ್ಲಿ ಅಪರಾಧ ಸಂಖ್ಯೆ (ಎಫ್‌ಐಆರ್‌ನ ನಂಬರ್) ಇರಬೇಕು, ಎಫ್‌ಐಆರ್ ಪ್ರತಿ ಲಗತ್ತಾಗಿರಬೇಕು ಅಂತ ನಮ್ಮ ಹೈಕೋರ್ಟ್ 2024ರಲ್ಲಿ ಹೇಳಿದೆ. ಹಾಗಂತ ಸೋಮವಾರ ಮನೆಯಲ್ಲೇ ಕೂರಬೇಡಿ, ‘ತಲೆ ಮರೆಸಿಕೊಂಡಿದ್ದಾನೆ’ ಅಂತ ಬರೆಯೋಕೆ ಅದೇ ನೆಪವಾಗುತ್ತೆ. ‘ಬರ್ತೀವಿ, ಅಪರಾಧ ಸಂಖ್ಯೆ ನಮೂದಿಸಿ ಲಿಖಿತ ನೋಟಿಸ್ ಕೊಡಿ’ ಅಂತ ಅದೇ ವಾಟ್ಸಾಪಿಗೆ ಉತ್ತರಿಸಿ, ವಕೀಲರ ಜೊತೆ ಹೋಗಿ. ವಿಚಾರಣೆ ಪೂರ್ತಿ ವಕೀಲರು ಪಕ್ಕದಲ್ಲಿ ಕೂರಲು ಕಾನೂನು ಬಿಡಲ್ಲ, ಆದರೆ ಬಂಧಿತನಿಗೆ ನಡುನಡುವೆ ಭೇಟಿಯಾಗುವ ಹಕ್ಕಿದೆ. ತನ್ನ ಮೇಲೇ ಸಾಕ್ಷಿಯಾಗುವಂಥ ಉತ್ತರ ಕೊಡಬೇಕಿಲ್ಲ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಾಗೂ ಇಲ್ಲ. ಮಂಪರು ಪರೀಕ್ಷೆ ಅಂತ ಹೆದರಿಸಿದರೆ 2010ರ ಸೆಲ್ವಿ ತೀರ್ಪು ನೆನಪಿರಲಿ. ಒಪ್ಪಿಗೆ ಇಲ್ಲದೆ ಅದನ್ನು ಮಾಡುವಂತಿಲ್ಲ, ಮತ್ತು ಆ ಪ್ರಕರಣ ಕರ್ನಾಟಕ ಸರ್ಕಾರದ ವಿರುದ್ಧವೇ ನಡೆದದ್ದು.

ಒಂದು ವೇಳೆ ಬಂಧಿಸಿದರು ಅಂತಲೇ ಇಟ್ಟುಕೊಳ್ಳೋಣ. ಕಾರಣವನ್ನು ಬರವಣಿಗೆಯಲ್ಲಿ, ಬಂಧಿತನಿಗೆ ಗೊತ್ತಿರುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಅಪರಾಧಗಳಿಗೂ ಇದು ಅನ್ವಯ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಆ ಕ್ಷಣಕ್ಕೆ ಆಗದಿದ್ದರೆ ರಿಮ್ಯಾಂಡ್‌ಗೆ, ಅಂದರೆ ಕಸ್ಟಡಿ ಕೇಳಲು ಮ್ಯಾಜಿಸ್ಟ್ರೇಟ್ ಮುಂದೆ, ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕಾಗದ ಕೈಗೆ ಬರಬೇಕು. ನಿಮ್ಮ ತಮ್ಮನಿಗೆ ಕನ್ನಡ, ಪಕ್ಕದಲ್ಲಿ ಕೂತ ಬಿಹಾರದ ಹುಡುಗನಿಗೆ ಹಿಂದಿ. ಈ ಊರಿನಲ್ಲಿ ಎರಡನೆಯದು ತಪ್ಪೋದೇ ಹೆಚ್ಚು ಅನ್ನೋದು ನನ್ನ ಅನುಭವ.

ಎಲ್ಲರೂ ಎಡವುವ ಜಾಗ ಆಸ್ಪತ್ರೆ. ಕೋರ್ಟಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಒಯ್ಯುತ್ತಾರೆ. ಡಾಕ್ಟರ್ ತಲೆ ಎತ್ತದೆ ‘ಏನಾದ್ರೂ ಪೆಟ್ಟಾಗಿದೆಯಾ?’ ಅಂತಾರೆ, ಮೊಳಕಾಲಿಗೆ ಲಾಠಿ ಬಿದ್ದವನು ಪಕ್ಕದ ಕಾನ್‌ಸ್ಟೇಬಲ್ ಮುಖ ನೋಡಿ ‘ಇಲ್ಲ ಸರ್’ ಅಂತಾನೆ. ಮ್ಯಾಜಿಸ್ಟ್ರೇಟ್ ‘ಪೊಲೀಸರಿಂದ ತೊಂದರೆ ಆಯ್ತಾ?’ ಅಂದಾಗಲೂ ಅದೇ ‘ಇಲ್ಲ’. ಎರಡು ‘ಇಲ್ಲ’ ದಾಖಲಾದ ಮೇಲೆ ಮೂರು ತಿಂಗಳು ಬಿಟ್ಟು ನಾನೇನು ವಾದಿಸಲಿ? ಪೆಟ್ಟು ಬಿದ್ದಿದ್ದರೆ ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಹೇಳಿಕೊಡಿ.

ವಕೀಲರಿಗೆ ದುಡ್ಡಿಲ್ಲ ಅಂದರೆ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಸಹಾಯವಾಣಿ 15100, ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿದೆ.

ಕಳೆದ ಆ ರಾತ್ರಿಯ ವಿಷಯ ಉಳೀತು. ಪೊಲೀಸ್ ಠಾಣೆಗಳಲ್ಲಿ ಸಿಸಿಟಿವಿ ಕಡ್ಡಾಯ, ದೃಶ್ಯಗಳನ್ನು ಕನಿಷ್ಠ ಒಂದು ವರ್ಷವಾದರೂ ಇಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಲೂ ಒಂದು ವರ್ಷವಿದೆ. ಆದರೆ ‘ಕ್ಯಾಮೆರಾ ಕೆಟ್ಟಿತ್ತು’ ಅನ್ನುವ ಉತ್ತರ ದಿನ ಕಳೆದಷ್ಟೂ ಸುಲಭವಾಗಿ ಬರುತ್ತೆ. ಅದಕ್ಕೇ ಈ ವಾರವೇ, ಬೇಕಾದರೆ ನಾಳೆಯೇ, ಆ ರಾತ್ರಿ ಒಂಬತ್ತರಿಂದ ಮರುದಿನ ಸಂಜೆವರೆಗಿನ ದೃಶ್ಯವನ್ನು ಅಳಿಸದೆ ಇಡಿ ಅಂತ ಠಾಣಾಧಿಕಾರಿಗೆ ಒಂದು ಪತ್ರ, ಪ್ರತಿಯನ್ನು ಡಿಸಿಪಿ ಕಚೇರಿಗೆ ಕೊಡಿ. ಠಾಣೆಯಲ್ಲಿ ಸೀಲ್ ಹಾಕಿ ತೆಗೆದುಕೊಳ್ಳಲಿಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ. ಆ ರಸೀದಿಯಲ್ಲೂ ಗಂಟೆ ಅಚ್ಚಾಗಿರುತ್ತೆ.