ನನ್ನ ಹಾಡು ಬೇರೆಯವರ ಪೇಜಿಗೆ ಹೋಗಿದೆ, ಡಿಲೀಟ್ ಮಾಡಿ ಮತ್ತೆ ಹಾಕಲಾ?

ಡಿಲೀಟ್ ಮಾಡಬೇಡಿ. ಹುಮನಾಬಾದಿನಿಂದ ನೀವು ಬರೆದಿರುವ ಪ್ರಕಾರ ಮೊದಲ ತತ್ವಪದ ಸರಿಯಾಗಿ ನಿಮ್ಮ ಪೇಜಿಗೇ ಬಂದಿದೆ. ಎರಡನೆಯದು ಸ್ಪಾಟಿಫೈನಲ್ಲಿ ನಿಮ್ಮದೇ ಹೆಸರಿನ ಇನ್ನೊಬ್ಬರ ಪೇಜಿಗೆ ಹೋಗಿದೆ, ಆಪಲ್ ಮ್ಯೂಸಿಕ್‌ನಲ್ಲಿ ಹೊಸದೊಂದು ಪೇಜೇ ಹುಟ್ಟಿಕೊಂಡಿದೆ. ತೆಗೆದು ಮತ್ತೆ ಹಾಕಿದರೂ ಕಾರಣ ಹಾಗೇ ಇರುತ್ತದೆ, ಹಾಡು ಮತ್ತೆ ಅಲ್ಲಿಗೇ ಹೋಗಬಹುದು.

ನಾನು ಕಲಬುರಗಿಯಲ್ಲಿ ಸಣ್ಣದೊಂದು ರೆಕಾರ್ಡಿಂಗ್ ರೂಮ್ ನಡೆಸುತ್ತೇನೆ. ಭಜನೆ, ತತ್ವಪದ, ವಚನ ಹಾಡುವವರೇ ಜಾಸ್ತಿ ಬರುತ್ತಾರೆ. ಈಗೀಗ ಮೈಕ್ ಮುಂದಿನ ಕೆಲಸಕ್ಕಿಂತ ಈ ಪೇಜಿನ ಪಂಚಾಯ್ತಿಯೇ ಹೆಚ್ಚಾಗಿದೆ.

ಆಗುವುದು ಇಷ್ಟು. ಸ್ಪಾಟಿಫೈ, ಆಪಲ್‌ನಂಥ ಕಡೆ ಪ್ರತಿ ಕಲಾವಿದರಿಗೂ ಒಂದು ಐಡಿ ಇರುತ್ತದೆ. ಡಿಸ್ಟ್ರಿಬ್ಯೂಟರ್, ಅಂದರೆ ನಿಮ್ಮ ಹಾಡನ್ನು ಈ ಆಪ್‌ಗಳಿಗೆಲ್ಲ ತಲುಪಿಸುವ ಕಂಪನಿ, ಹಾಡು ಕಳಿಸುವಾಗ ಆ ಐಡಿ ಜೊತೆಗಿದ್ದರೆ ಹಾಡು ನೇರ ನಿಮ್ಮ ಪೇಜಿಗೆ ಬರುತ್ತದೆ. ಇಲ್ಲದಿದ್ದರೆ ಹೆಸರು ನೋಡಿ ಎಲ್ಲೋ ಒಂದು ಕಡೆ ಸೇರಿಸುತ್ತಾರೆ. ನಮ್ಮ ಕಡೆ ಹೆಸರಿನ ಕಥೆ ನಿಮಗೆ ಗೊತ್ತೇ ಇದೆ. ಶರಣಬಸವೇಶ್ವರರ ಊರಲ್ಲಿ ಓಣಿಗೊಬ್ಬ ಶರಣಬಸಪ್ಪ. ಅದರ ಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್ ಬೇರೆ. ನಡುವಿನ 'ಎ' ಒಬ್ಬರು ಹಾಕುತ್ತಾರೆ, ಒಬ್ಬರು ಬಿಡುತ್ತಾರೆ. ಒಬ್ಬರೇ ಮೂರು ಹಾಡಿಗೆ ಮೂರು ಥರ ಬರೆದು ಮೂರು ಪೇಜ್ ಮಾಡಿಕೊಂಡದ್ದನ್ನೂ ನೋಡಿದ್ದೇನೆ.

ಒಮ್ಮೆ ಏಕತಾರಿ ಹಿಡಿದು ಹಾಡುವ ಅಜ್ಜ ಒಬ್ಬರು ಮೊಮ್ಮಗನ ಫೋನ್ ನನ್ನ ಮುಂದೆ ಹಿಡಿದರು. ಅವರ ಪದದ ಮೇಲೆ ಕಪ್ಪು ಕನ್ನಡಕದ ರ‍್ಯಾಪ್ ಹುಡುಗನೊಬ್ಬನ ಫೋಟೋ. "ಇಂವ ಯಾರ್ ಅದಾನ್ರಿ? ನನ್ನ ಹಾಡಿನ ಮ್ಯಾಲ ಇವನ ಫೋಟೋ ಯಾಕ ಅದ?" ಅವರಿಗಿಂತ ಆ ಹುಡುಗನಿಗೇ ಜಾಸ್ತಿ ಗಾಬರಿ ಆಗಿರಬೇಕು, ಅವನ ಫ್ಯಾನ್‌ಗಳಿಗೆ ಇದ್ದಕ್ಕಿದ್ದಂತೆ ತತ್ವಪದ ಹೋಗಿತ್ತು.

ಈಗ ನೀವು ಮಾಡಬೇಕಾದ್ದು. ಸ್ಪಾಟಿಫೈನಲ್ಲಿ ನಿಮ್ಮ ಮೊದಲ ಹಾಡಿರುವ ಪೇಜ್ ತೆರೆದು ಶೇರ್ ಒತ್ತಿ, ಲಿಂಕ್ ಕಾಪಿ ಮಾಡಿ. ಲಿಂಕಿನಲ್ಲಿ 'ಆರ್ಟಿಸ್ಟ್' ಆದ ಮೇಲೆ ಅಕ್ಷರ, ಅಂಕಿ ಕಲೆತ 22 ಚಿಹ್ನೆಗಳ ಸಾಲು ಬರುತ್ತದೆ. ಅದೇ ನಿಮ್ಮ ಐಡಿ. ಪ್ರಶ್ನಾರ್ಥಕ ಚಿಹ್ನೆಯಿಂದ ಆಚೆಗಿನದು ಬೇಡ. ಆಪಲ್‌ನಲ್ಲಿ ಲಿಂಕಿನ ಕೊನೆಗೆ ಬರೀ ಅಂಕಿಗಳಿರುತ್ತವೆ, ಅದನ್ನು ತೆಗೆದುಕೊಳ್ಳಿ. ಎರಡನ್ನೂ ಎಲ್ಲಾದರೂ ಬರೆದಿಟ್ಟುಕೊಳ್ಳಿ, ಮುಂದಿನ ಪ್ರತಿ ಹಾಡಿಗೂ ಬೇಕಾಗುತ್ತವೆ.

ಆಮೇಲೆ ಡಿಸ್ಟ್ರಿಬ್ಯೂಟರ್‌ಗೆ ಮೇಲ್ ಹಾಕಿ. ಮೊದಲು ಹಿಡಿಯಬೇಕಾದ್ದು ಅವರನ್ನೇ, ಯಾಕೆಂದರೆ ಹಾಡು ಕಳಿಸಿದವರು ಅವರು. "ನನ್ನ ಹಾಡು ಕಾಣುತ್ತಿಲ್ಲ, ದಯವಿಟ್ಟು ಸರಿ ಮಾಡಿ" ಅಂತ ಸುಮ್ನೆ ಬರೆದರೆ ಅದೇ ರೆಡಿಮೇಡ್ ಉತ್ತರ ಬರುತ್ತದೆ. ರಿಲೀಸಿನ ಯುಪಿಸಿ ನಂಬರ್ (ಇಡೀ ರಿಲೀಸಿನ ಗುರುತಿನ ಸಂಖ್ಯೆ), ಹಾಡಿನ ಐಎಸ್‌ಆರ್‌ಸಿ (ಆ ಒಂದು ರೆಕಾರ್ಡಿಂಗಿನ ಗುರುತಿನ ಕೋಡ್), ಈಗ ಸೇರಿಕೊಂಡಿರುವ ತಪ್ಪು ಪೇಜಿನ ಲಿಂಕ್, ಸೇರಬೇಕಾದ ಪೇಜಿನ ಲಿಂಕ್, ನಾಲ್ಕನ್ನೂ ಒಂದೇ ಮೇಲ್‌ನಲ್ಲಿ ಕೊಡಿ. ಆಪಲ್ ವಿಷಯದಲ್ಲಿ ಎರಡು ಪೇಜ್ ಒಬ್ಬರದೇ, ಕೂಡಿಸಿ ಅಂತ ಸ್ಪಷ್ಟವಾಗಿ ಬರೆಯಿರಿ. ಇದರ ಜೊತೆಗೆ ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ (ಕಲಾವಿದರಿಗೆಂದೇ ಇರುವ ಸ್ಪಾಟಿಫೈ ಜಾಗ) ನಿಮ್ಮ ಪೇಜನ್ನು ಕ್ಲೇಮ್ ಮಾಡಿಕೊಳ್ಳಿ, ಅಂದರೆ ಅದು ನಿಮ್ಮದೇ ಅಂತ ದಾಖಲಿಸಿಕೊಳ್ಳಿ. ತಪ್ಪು ಪೇಜಿಗೆ ಹೋದ ಹಾಡಿನ ಬಗ್ಗೆ ಅಲ್ಲಿಂದಲೂ ದೂರು ಕೊಡಬಹುದು. ಆಪಲ್ ಮ್ಯೂಸಿಕ್ ಫಾರ್ ಆರ್ಟಿಸ್ಟ್ಸ್ ಬೇರೆಯೇ ಇದೆ, ಅದನ್ನೂ ಮಾಡಿಕೊಳ್ಳಿ. ಜಿಯೋಸಾವನ್, ಗಾನಾ ಕಡೆಯದನ್ನು ಡಿಸ್ಟ್ರಿಬ್ಯೂಟರ್ ಮೂಲಕವೇ ಕೇಳಿ.

ದುಡ್ಡಿನ ಚಿಂತೆ ಬೇಡ. ಹಾಡು ಯಾರ ಪೇಜಲ್ಲಿ ಕಂಡರೂ ರಾಯಲ್ಟಿ ಬರುವುದು ಹಾಡು ಕಳಿಸಿದ ಅಕೌಂಟಿಗೇ. ನಷ್ಟ ಆಗುವುದು ಕೇಳುಗರ ಲೆಕ್ಕದಲ್ಲಿ. ನಿಮ್ಮನ್ನು ಫಾಲೋ ಮಾಡಿದವರಿಗೆ ಹೊಸ ಹಾಡು ಬಂದದ್ದೇ ಗೊತ್ತಾಗುವುದಿಲ್ಲ. ಡಿಲೀಟ್ ಬೇಡ ಎಂದದ್ದಕ್ಕೆ ಇನ್ನೊಂದು ಕಾರಣವೂ ಇಲ್ಲೇ ಇದೆ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಂಡ ಹಾಡಿಗಷ್ಟೇ ರಾಯಲ್ಟಿ. ತೆಗೆದು ಹೊಸ ಐಎಸ್‌ಆರ್‌ಸಿ ಮೇಲೆ ಹಾಕಿದರೆ ಲೆಕ್ಕ ಸೊನ್ನೆಯಿಂದ ಶುರು. ಡಿಸ್ಟ್ರಿಬ್ಯೂಟರ್ ಬದಲಿಸುವ ಪ್ರಸಂಗ ಬಂದರೂ ಹಳೇ ಐಎಸ್‌ಆರ್‌ಸಿಯನ್ನೇ ಹಾಕಿ, ಅದೇ ಆಡಿಯೋ ಫೈಲ್ ಕೊಡಿ.

ಫಾರ್ಮ್ ತುಂಬುವಾಗ ನಮ್ಮವರು ಎಡವುವ ಜಾಗ ಇನ್ನೂ ಕೆಲವಿವೆ. ಇಬ್ಬರು ಹಾಡಿದ್ದರೆ ನಡುವೆ 'ಮತ್ತು' ಹಾಕಿ ಒಂದೇ ಬಾಕ್ಸಿನಲ್ಲಿ ಬರೆಯುತ್ತಾರೆ. ಆಗ ಇಬ್ಬರ ಪೇಜಿಗೂ ಹೋಗದೆ, ಇಲ್ಲದ ಮೂರನೇ ಕಲಾವಿದ ಹುಟ್ಟುತ್ತಾನೆ. ಒಬ್ಬೊಬ್ಬರಿಗೂ ಬೇರೆ ಬಾಕ್ಸ್, ಬೇರೆ ಐಡಿ ಬೇಕು. ಹೆಸರಿನ ಹಿಂದೆ ಶ್ರೀಮತಿ, ಗಾನಕೋಗಿಲೆ ಇವೆಲ್ಲ ಪೋಸ್ಟರ್‌ನಲ್ಲಿ ಚೆಂದ, ಇಲ್ಲಿ ಬೇಡ. ಬಸವಣ್ಣನವರ ವಚನ ಹಾಡಿದರೆ ಅವರ ಹೆಸರು ಸಾಹಿತ್ಯದ ಕಾಲಂನಲ್ಲಿ ಬರಬೇಕು. ಮುಖ್ಯ ಕಲಾವಿದರ ಜಾಗದಲ್ಲಿ ಹಾಕಿದರೆ ನಿಮ್ಮ ಹಾಡು ಬಸವಣ್ಣ ಅನ್ನೋ ಪೇಜಿಗೂ ಹೋಗುತ್ತದೆ, ಅಲ್ಲಿ ಆಗಲೇ ಯಾರ‍್ಯಾರದೋ ಹಾಡು ಬಂದು ಕೂತಿರುತ್ತವೆ.

ಹೆಸರು ತೀರಾ ಸಾಮಾನ್ಯವಾದರೆ ಮುಂದೆ ಊರಿನ ಹೆಸರು ಸೇರಿಸಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಭಜನೆ ಮೇಳಗಳಲ್ಲಿ ಕರೆಯುವುದೂ ಹಾಗೇ ಅಲ್ವಾ? ನಿಮ್ಮದು ಎರಡೇ ಹಾಡು, ಈಗಲೇ ಬದಲಿಸಿಕೊಂಡರೆ ಸುಲಭ. ಇಪ್ಪತ್ತು ಹಾಡಾದ ಮೇಲೆ ಕಷ್ಟ.

ಯೂಟ್ಯೂಬಿನಲ್ಲಿ ನಿಮ್ಮ ಹೆಸರಿನ ಮುಂದೆ 'ಟಾಪಿಕ್' ಅಂತ ಇರುವ ಚಾನೆಲ್ ಯಾರು ಮಾಡಿದರು ಅಂತಲೂ ಕೇಳಿದ್ದೀರಿ. ಯಾರೂ ಕದ್ದಿಲ್ಲ. ಡಿಸ್ಟ್ರಿಬ್ಯೂಟರ್ ಹಾಡು ಕಳಿಸಿದಾಗ ಅದು ತಾನಾಗಿ ಆಗುತ್ತದೆ. ನಿಮ್ಮ ಸ್ವಂತ ಚಾನೆಲ್ ಇದ್ದರೆ ಅದನ್ನು ಅಫಿಶಿಯಲ್ ಆರ್ಟಿಸ್ಟ್ ಚಾನೆಲ್ ಮಾಡಿಸಿ ಅಂತ ಡಿಸ್ಟ್ರಿಬ್ಯೂಟರನ್ನೇ ಕೇಳಿ, ಟಾಪಿಕ್‌ನಲ್ಲಿರುವ ಹಾಡುಗಳೂ ಅಲ್ಲಿಗೇ ಬರುತ್ತವೆ.

ಮೂರನೇ ಹಾಡನ್ನು ಜಾತ್ರೆಗೆ ಬಿಡುವ ವಿಚಾರ ಇದೆ ಅಂದಿರಿ. ಹಿಂದಿನ ರಾತ್ರಿ ಅಪ್‌ಲೋಡ್ ಮಾಡುವ ಚಾಳಿ ನಮ್ಮಲ್ಲಿ ಬಹಳ. ಎರಡು ಮೂರು ವಾರ ಮೊದಲೇ ಹಾಕಿ. ಸ್ಪಾಟಿಫೈ ಪ್ಲೇಲಿಸ್ಟಿಗೆ ಅರ್ಜಿ ಹಾಕಲು ರಿಲೀಸಿಗೆ ಕನಿಷ್ಠ 7 ದಿನ ಮೊದಲು ಹಾಡು ಅಲ್ಲಿಗೆ ತಲುಪಿದ್ದರೆ ಒಳ್ಳೆಯದು. ಬರಲಿರುವ ಹಾಡು ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಲ್ಲಿ ಕಾಣಿಸಿದರೆ ಸರಿಯಾದ ಪೇಜಿಗೇ ಬಂದಿದೆ ಅಂತ ಅರ್ಥ. ಕಾಣದಿದ್ದರೆ ಅವತ್ತೇ ಮೇಲ್ ಹಾಕಿ.