ತೊಂದರೆ ಮಗನಿಗೆ, ನಮ್ಮನ್ನೆಲ್ಲ ಯಾಕೆ ಕರೆಯುತ್ತಾರೆ?

ಓದುಗರ ಪತ್ರ: ಮಗನಿಗೆ 14 ವರ್ಷ. ಎರಡು ತಿಂಗಳಿಂದ ಶಾಲೆಗೆ ಹೋಗಿಲ್ಲ. ಬೆಳಗಾದರೆ ಹೊಟ್ಟೆನೋವು ಅಂತಾನೆ. ಡಾಕ್ಟರು ಪರೀಕ್ಷೆ ಮಾಡಿ, ಏನೂ ತೊಂದರೆ ಕಾಣುತ್ತಿಲ್ಲ ಅಂದರು. ಆಪ್ತಸಮಾಲೋಚಕರ ಬಳಿ ಹೋದರೆ, ಮುಂದಿನ ಸಲ ಗಂಡ, ಮಗಳು ಎಲ್ಲರೂ ಬನ್ನಿ ಅಂದರು. ಗಂಡ ಬರಲ್ಲ ಅಂತಾರೆ. ಕೊನೆಗೆ ತಪ್ಪೆಲ್ಲ ನನ್ನ ತಲೆಗೇ ಕಟ್ಟುತ್ತಾರೇನೋ ಅಂತ ನನಗೆ ಭಯ. ಹೋಗಬೇಕಾ?

ಸಂಪಾದಕರ ಉತ್ತರ: ಹೋಗಿ. ಆದರೆ ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಹೆಸರಾಂತ ಮನೋವೈದ್ಯೆ ಸ್ಕಿಜೋಫ್ರೇನಿಯಾ ಎಂಬ ಗಂಭೀರ ಮಾನಸಿಕ ಕಾಯಿಲೆ ತರುವಂಥ ತಾಯಿ ಎಂಬ ಅರ್ಥದ ಪದವೊಂದನ್ನು ಬಳಸಿದರು. ಆ ಮಾತು ಬೇಗ ಹಬ್ಬಿತು. ಅದಕ್ಕೆ ಆಧಾರವಿಲ್ಲ ಅಂತ ಗೊತ್ತಾಗುವ ಹೊತ್ತಿಗೆ ಎಷ್ಟೋ ತಾಯಂದಿರು ಅದರ ಭಾರ ಹೊತ್ತಾಗಿತ್ತು. ಹೀಗೆ ಮನೆಯವರನ್ನೆಲ್ಲ ಒಟ್ಟಿಗೆ ಕೂರಿಸಿ ಮಾಡುವ ಕೌಟುಂಬಿಕ ಚಿಕಿತ್ಸೆ ಬೆಳೆದಿದ್ದು ಹೆಚ್ಚುಕಮ್ಮಿ ಅದೇ ಕಾಲದಲ್ಲಿ. ತಾಯಿಯನ್ನು ದೂರುವ ಆ ಚಾಳಿ ಅದಕ್ಕೂ ಸ್ವಲ್ಪ ಅಂಟಿತ್ತು.

ಈಗಿನ ಒಳ್ಳೆಯ ಸಮಾಲೋಚಕರು ತಪ್ಪು ಯಾರದು ಅಂತ ಹುಡುಕುವುದಿಲ್ಲ. ಅವರು ನೋಡುವುದು ಸುತ್ತನ್ನು. ಮಗ ಏಳುವುದಿಲ್ಲ, ನೀವು ಕೂಗುತ್ತೀರಿ, ಅಪ್ಪ ನಿಮ್ಮ ಮೇಲೆ ರೇಗುತ್ತಾರೆ, ಅದನ್ನು ಕೇಳಿ ಮಗ ಮತ್ತೆ ಮುಸುಕು ಎಳೆಯುತ್ತಾನೆ. ಇದರಲ್ಲಿ ಶುರು ಯಾವುದು? ಮೂವರನ್ನು ಕೇಳಿದರೆ ಮೂರು ಉತ್ತರ ಬರುತ್ತದೆ, ಅಲ್ವಾ? (ನಿಮ್ಮ ಮನೆಯಲ್ಲಿ ಹೀಗೇ ಆಗುತ್ತಿದೆ ಅಂತ ನಾನು ಹೇಳುತ್ತಿಲ್ಲ.)

ನಾನೂ ಒಮ್ಮೆ ಮನೆಯವರ ಜೊತೆ ಆ ಕೋಣೆಯಲ್ಲಿ ಕೂತವನೇ. ಮಗಳು ಊಟ ಬಿಡುತ್ತಿದ್ದಳು ಅಂತ ಹೋಗಿದ್ದೆವು. ಸಮಾಲೋಚಕಿ ಅವಳನ್ನು ಏನೋ ಕೇಳಿದರು. ಉತ್ತರ ನಾನು ಕೊಟ್ಟೆ. ಮತ್ತೆ ಕೇಳಿದರು, ಮತ್ತೆ ನಾನೇ. ಮೂರನೇ ಸಲ ಅವರು ನಗುತ್ತಾ, ನೀವು ಆ ಕಿಟಕಿ ಪಕ್ಕದ ಕುರ್ಚಿಗೆ ಹೋಗ್ತೀರಾ ಅಂದರು. ಎದ್ದು ಹೋಗಿ ಕೂತೆ. ಆಗ ಮಗಳು ಬಾಯಿ ಬಿಟ್ಟಳು. ಸಾಲ್ವಡಾರ್ ಮಿನುಚಿನ್ ಎಂಬ ಚಿಕಿತ್ಸಕರು ಹೀಗೆ ಕುರ್ಚಿ ಬದಲಿಸುವುದನ್ನೇ ಒಂದು ವಿಧಾನ ಮಾಡಿಕೊಂಡಿದ್ದರು ಅಂತ ಆಮೇಲೆ ಓದಿದೆ. ಅವತ್ತು ಮಾತ್ರ ನನಗೆ ಅವಮಾನವೇ ಆಗಿತ್ತು.

ಆಮೇಲೆ ಸಮಾಲೋಚಕಿ ನಮ್ಮ ಎಂಟು ವರ್ಷದ ಮಗನ ಕಡೆ ತಿರುಗಿದರು. 'ಅಪ್ಪ ಅಮ್ಮ ಮಾತು ಬಿಟ್ಟರೆ ಮನೆಯಲ್ಲಿ ಮೊದಲು ಯಾರಿಗೆ ಗೊತ್ತಾಗುತ್ತೆ?'

'ಅಕ್ಕಂಗೆ. ಅವಳು ಊಟ ಬೇಡ ಅಂತಾಳೆ. ಆಗ ಇವರಿಬ್ಬರೂ ಮಾತಾಡ್ತಾರೆ.'

ನಾನು, ಹೆಂಡತಿ ಮುಖ ಮುಖ ನೋಡಿಕೊಂಡೆವು. ಒಬ್ಬರ ಬಗ್ಗೆ ಇನ್ನೊಬ್ಬರನ್ನು ಕೇಳುವ ಈ ಬಗೆ ಇಟಲಿಯ ಮಿಲಾನ್ ನಗರದ ಚಿಕಿತ್ಸಕರ ತಂಡದ್ದು. 1980ರ ಒಂದು ಲೇಖನದಲ್ಲಿ ಅವರು ಅದನ್ನು ವಿವರಿಸಿದ್ದಾರೆ. ಇಬ್ಬರ ನಡುವಿನ ಬಿಸಿ ತಾಳಲಾಗದೆ ಮೂರನೆಯವರನ್ನು ಎಳೆದುಕೊಳ್ಳುವುದಕ್ಕೆ ಮರೇ ಬೋವೆನ್ ಎಂಬ ಮನೋವೈದ್ಯರು ತ್ರಿಕೋನ ಅಂತ ಹೆಸರಿಟ್ಟರು. ನಮ್ಮ ಮಗಳು ನಾಟಕ ಆಡುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ಹಸಿವಾಗುತ್ತಿರಲಿಲ್ಲ. ನಿಮ್ಮ ಮಗನ ಹೊಟ್ಟೆನೋವನ್ನೂ ಸುಳ್ಳು ಅನ್ನಬೇಡಿ. ಅದು ಮತ್ತೆ ಮತ್ತೆ ಬರುತ್ತಿದ್ದರೆ ಡಾಕ್ಟರಿಗೆ ಇನ್ನೊಮ್ಮೆ ಹೇಳಿ.

ಹಾಗಂತ ಎಲ್ಲದಕ್ಕೂ ಮನೆಯೇ ಕಾರಣವಲ್ಲ. ಶಾಲೆಯಲ್ಲಿ ಯಾರೋ ಅವನನ್ನು ಕಾಡುತ್ತಿರಬಹುದು. ಪಾಠವೇ ತಲೆಗೆ ಹತ್ತುತ್ತಿಲ್ಲದಿರಬಹುದು. ಅದನ್ನು ಒಂದು ಮಾತೂ ಕೇಳದೆ ನಿಮ್ಮ ಸಂಸಾರವನ್ನೇ ಕೆದಕುವವರಾದರೆ ಬೇರೆಯವರನ್ನು ನೋಡಿ. ಇದರಲ್ಲಿ ದಾಕ್ಷಿಣ್ಯ ಬೇಡ.

ಗಂಡನನ್ನು ಎಳೆದುಕೊಂಡು ಹೋಗಬೇಡಿ. ಬೋವೆನ್ 1950ರ ದಶಕದಲ್ಲಿ ಇಡೀ ಕುಟುಂಬಗಳನ್ನೇ ಆಸ್ಪತ್ರೆಯಲ್ಲಿ ಇರಿಸಿಕೊಂಡು ಗಮನಿಸಿದವರು. ಆದರೂ ಮುಂದೆ ಅವರು ಮನೆಯ ಒಬ್ಬರ ಜೊತೆಗೂ ಕೆಲಸ ಮಾಡಿದರು. ಸುತ್ತಿನಲ್ಲಿ ಒಬ್ಬರು ಹೆಜ್ಜೆ ಬದಲಿಸಿದರೂ ಉಳಿದವರ ಹೆಜ್ಜೆ ಮೊದಲಿನಂತೆ ಇರುವುದಿಲ್ಲ. 'ನೀವೂ ಬರಲೇಬೇಕು' ಅನ್ನುವ ಬದಲು 'ಅವನ ಬಗ್ಗೆ ನಿಮಗೆ ಗೊತ್ತಿರೋದು ನನಗೆ ಗೊತ್ತಿಲ್ಲ, ಒಂದು ಸಲ ಬಂದು ಹೇಳಿ' ಅಂದು ನೋಡಿ. ತಪ್ಪಿನ ಭಯ ನಿಮಗಷ್ಟೇ ಅಲ್ಲ, ಅವರಿಗೂ ಇರಬಹುದು.

ಹೋಗುವ ಮೊದಲು ಒಂದು ವಿಷಯ ಕೇಳಿಕೊಳ್ಳಿ. ಒಬ್ಬರೇ ಇದ್ದಾಗ ಹೇಳಿದ ಮಾತನ್ನು ಸಮಾಲೋಚಕರು ಉಳಿದವರ ಮುಂದೆ ತೆಗೆಯುತ್ತಾರಾ? ಈ ನಿಯಮ ಎಲ್ಲರ ಹತ್ತಿರವೂ ಒಂದೇ ಥರ ಇರುವುದಿಲ್ಲ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಎಲ್ಲರೂ ಒಟ್ಟಿಗೆ ಕೂರುವ ಮೊದಲೇ ಒಬ್ಬರೇ ಹೋಗಿ ಹೇಳಿ. ಅಲ್ಲಿ ಬಾಯಿಬಿಟ್ಟ ಮಾತಿಗೆ ಮನೆಗೆ ಬಂದ ಮೇಲೆ ಏಟು ತಿನ್ನುವ ಹಾಗಿದ್ದರೆ, ಒಟ್ಟಿಗೆ ಕೂರಿಸುವುದೇ ಅಪಾಯ.

ಇನ್ನು ನಿಮ್ಮ ಮಗಳು. ಇಡೀ ಪತ್ರದಲ್ಲಿ ಅವಳು ಬರುವುದು ಒಂದೇ ಒಂದು ಕಡೆ, ಅದೂ ಸಮಾಲೋಚಕರ ಬಾಯಲ್ಲಿ. ಗಂಡ ಬರಲಿ, ಬಿಡಲಿ, ಅವಳನ್ನು ಕರೆದುಕೊಂಡು ಹೋಗಿ. ಅವಳು ಮಾತಾಡುವಾಗ ನೀವು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರಿ.