ಸ್ಟೇಟಸ್ ಹಾಕಿ ಆಡಿದ ಜಗಳ

ಗದಗ ಕಡೆಯ, ನಲವತ್ತು ದಾಟಿದ ಗೃಹಿಣಿ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಇಲ್ಲಿ ಅವರನ್ನು ‘ಅಕ್ಕ’ ಎಂದೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಒಡಹುಟ್ಟನ್ನು ‘ತಂಗಿ’ ಎಂದೂ ಕರೆಯುತ್ತೇನೆ. ನಿದ್ದೆ ಬರುವುದಿಲ್ಲ ಎಂದು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದಿದ್ದ ಅಕ್ಕ, ಮಾತಿನ ನಡುವೆ ಮತ್ತೆ ಮತ್ತೆ ಫೋನ್ ತೆಗೆದು ತಮ್ಮ ವಾಟ್ಸಾಪ್ ಸ್ಟೇಟಸ್ ಯಾರ‍್ಯಾರು ನೋಡಿದ್ದಾರೆಂದು ಪರೀಕ್ಷಿಸುತ್ತಿದ್ದರು.

“ಆಕಿ ಹೆಸರೇ ಬರಂಗಿಲ್ರೀ ಮೇಡಂ. ನಂದು ನೋಡಬಾರ‍್ದು ಅಂತ ಹಠ ಹಿಡದಾಳ.”

ಅವ್ವನ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ಎರಡು ತಿಂಗಳು ಆರೈಕೆ ಮಾಡಿದ್ದು ಅಕ್ಕ. ತಂಗಿ ಹಣ ಕಳಿಸಿದಳು, ರಜೆ ಸಿಕ್ಕಷ್ಟು ದಿನ ಬಂದು ಹೋದಳು, ಅವ್ವನ ಜೊತೆಗಿನ ಫೋಟೊ ಫೇಸ್‌ಬುಕ್‌ಗೆ ಹಾಕಿದಳು. ಇಂಥ ಮಗಳನ್ನು ಪಡೆಯಲು ಪುಣ್ಯ ಬೇಕು ಎಂದು ಬಂಧುಗಳು ಬರೆದರು. ಅಕ್ಕನೂ ಲೈಕ್ ಒತ್ತಿದರು. ಅಂದೇ ರಾತ್ರಿ ಸ್ಟೇಟಸ್ ಹಾಕಿದರು: “ಮಾಡೋರು ಒಬ್ರು, ಹೆಸರು ಇನ್ನೊಬ್ರಿಗೆ.” ಆಮೇಲೆ ದಿನಕ್ಕೊಂದು.

ಮಗಳನ್ನು ಬೈದು ಸೊಸೆಗೆ ಮುಟ್ಟಿಸುವ ರೂಢಿ ನಮ್ಮ ಮನೆಗಳಲ್ಲಿ ಹಳೆಯದು. ಆದರೆ ಅಲ್ಲಿ ಇಬ್ಬರೂ ಒಂದೇ ಅಡುಗೆಮನೆಯಲ್ಲಿರುತ್ತಿದ್ದರು. ಮಾತು ಎಲ್ಲಿ ತಾಗಿತೆಂದು ಮುಖದಲ್ಲೇ ಕಾಣುತ್ತಿತ್ತು; ಸಂಜೆಯೊಳಗೆ ಯಾರಾದರೊಬ್ಬರು ಮಾತಾಡಿಸಲೇಬೇಕಿತ್ತು. ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುತ್ತದೆ. ಅಷ್ಟರಲ್ಲಿ ಬೀಗರು, ನೆರೆಯವರು, ಮಗನ ಟ್ಯೂಷನ್ ಮೇಷ್ಟ್ರು ಎಲ್ಲರೂ ಓದಿರುತ್ತಾರೆ. ಕೇಳಿದರೆ “ನಿನಗಲ್ಲ” ಎಂದು ಜಾರಿಕೊಳ್ಳಬಹುದು. ನನಗೆ ಆತಂಕ ಹುಟ್ಟಿಸುವುದು ಈ ಜಾರಿಕೊಳ್ಳುವ ಸೌಲಭ್ಯ. ನೋವು ಹೇಳಿದಂತೆಯೂ ಆಗುತ್ತದೆ, ಹೇಳದಂತೆಯೂ ಉಳಿಯುತ್ತದೆ.

ಅಕ್ಕನ ಒಪ್ಪಿಗೆ ಪಡೆದು ತಂಗಿಯೊಡನೆ ಮಾತಾಡಿದೆ. ಆಕೆ ಪ್ರತಿಯೊಂದು ಸ್ಟೇಟಸನ್ನೂ ನೋಡಿದ್ದಳು, ಅತ್ತಿದ್ದಳು. ರಾತ್ರಿ ಸಂದೇಶ ನೋಡಿಯೂ ಉತ್ತರಿಸಲಿಲ್ಲವೆಂದು ಕಚೇರಿಯ ಮೇಲಧಿಕಾರಿ ರೇಗುತ್ತಿದ್ದರಿಂದ ನೀಲಿ ಟಿಕ್ ಆಫ್ ಮಾಡಿಕೊಂಡಿದ್ದಳು. ಹಾಗೆ ಮಾಡಿದವರ ಹೆಸರು ಸ್ಟೇಟಸ್ ನೋಡಿದವರ ಪಟ್ಟಿಯಲ್ಲೂ ಬರುವುದಿಲ್ಲ. ಇದನ್ನು ತಿಳಿಸಿದಾಗ ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಹಠವೆಂದು ತಿಳಿದದ್ದು ಬರೀ ಒಂದು ಸೆಟ್ಟಿಂಗ್ ಆಗಿತ್ತು.

ವಾಟ್ಸಾಪ್ ಬಿಡಿ ಎಂದು ನಾನು ಹೇಳಲಿಲ್ಲ. ಊರಲ್ಲಿರುವ ಹೆಣ್ಣುಮಗಳಿಗೆ ತವರಿನ ಸುದ್ದಿ ಬರುವುದೇ ಅದರಲ್ಲಿ. ರಾತ್ರಿ ಬರೆಯಬೇಕೆನಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ, ಬೆಳಿಗ್ಗೆಯೂ ಅದೇ ಅನಿಸಿದರೆ ತಂಗಿಗೆ ಫೋನ್ ಮಾಡಿ ಎಂದೆ. ಹೇಳಬೇಕಾದ ಮಾತನ್ನು ನನ್ನೆದುರೇ ಅಭ್ಯಾಸ ಮಾಡಿಸಿದೆ. ಮೊದಲ ಸಲ ಬಂದದ್ದು “ನೀ ಯಾವಾಗ್ಲೂ ಹಿಂಗ”. ಅದನ್ನು ಬಿಡಿಸಿ, ನಡೆದದ್ದನ್ನಷ್ಟೇ ಹೇಳುವಂತೆ ತಿದ್ದಿದೆವು: “ಆ ಫೋಟೊ ನೋಡಿ ನನಗ ಭಾಳ ಸಂಕಟಾತು. ನಾ ಮಾಡಿದ್ದನ್ನ ನೀನರೆ ಒಂದು ಮಾತು ಹೇಳಬೇಕಿತ್ತು.” ತಂಗಿಗೆ ಹೇಳಿದ್ದು ಇಷ್ಟು: ಸ್ಟೇಟಸ್ ನಿನ್ನ ಕುರಿತೇ ಎಂಬ ಅನುಮಾನ ಬಂದರೆ ಗಂಡನನ್ನಲ್ಲ, ಅಕ್ಕನನ್ನೇ ಕೇಳು, ಹಣದ ಜೊತೆಗೆ ವರ್ಷದಲ್ಲಿ ಕೆಲವು ದಿನ ಅವ್ವನ ಆರೈಕೆಯನ್ನೂ ವಹಿಸಿಕೊ.

ನಿದ್ದೆಯ ತೊಂದರೆಗೆ ಮನೋವೈದ್ಯರ ಬಳಿ ಕಳಿಸಿದೆ. ರಾತ್ರಿ ತೀರಾ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ; ಅದು ಉಚಿತ, ದಿನವಿಡೀ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಮೊದಲ ಕರೆ ಜಗಳದಲ್ಲೇ ಮುಗಿಯಿತು. ಎರಡನೆಯದರಲ್ಲಿ ತಂಗಿ ಕ್ಷಮೆ ಕೇಳಿದಳು. ಅವ್ವನ ಇನ್ನೊಂದು ಕಾಲಿನ ಚಿಕಿತ್ಸೆ ಬಾಕಿಯಿದೆ, ಖರ್ಚು ಮತ್ತು ಆರೈಕೆಯ ಲೆಕ್ಕ ಇತ್ಯರ್ಥವಾಗಿಲ್ಲ. ಅದರ ಬಗ್ಗೆ ಇಬ್ಬರೂ ಈಗ ಫೋನಿನಲ್ಲೇ ವಾದಿಸುತ್ತಿದ್ದಾರೆ.